ಮೂಲೆಯ ಫೋ ಅಂಗಡಿ, ಪಕ್ಕದ ಟೆಕ್ಸ್-ಮೆಕ್ಸ್: ಸಣ್ಣ ಹೋಟೆಲ್‌ಗಳ ವಿಮರ್ಶೆ ಬರೆಯುವುದು ಹೇಗೆ?

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ಗೆ ಬಂದ ಹೊಸತರಲ್ಲಿ ನಾನು ಬರೆದ ಮೊದಲ ಹೋಟೆಲ್ ವಿಮರ್ಶೆ ಎರಡೇ ಸಾಲಿನದು, ಫೋ ಎಂಬ ವಿಯೆಟ್ನಾಂನ ನೂಡಲ್ಸ್ ಸಾರಿನ ಬಗ್ಗೆ. "ಫೋ ಬರೀ ಸಪ್ಪೆ. ಹುಳಿ ಇಲ್ಲ, ಖಾರ ಇಲ್ವೇ ಇಲ್ಲ." ಐದಕ್ಕೆ ಎರಡು ಸ್ಟಾರ್ ಕೊಟ್ಟು ನೆಮ್ಮದಿಯಾಗಿ ಮಲಗಿದೆ. ತಿಂಗಳಾದ ಮೇಲೆ ವಿಯೆಟ್ನಾಂ ಮೂಲದ ಸಹೋದ್ಯೋಗಿಯೊಬ್ಬರ ಜೊತೆ ಅದೇ ಅಂಗಡಿಗೆ ಹೋದೆ. ಬಟ್ಟಲಿನ ಪಕ್ಕ ತಟ್ಟೆ ತುಂಬ ಸೊಪ್ಪು, ಮೊಳಕೆ, ನಿಂಬೆ ಹೋಳು, ಹಸಿಮೆಣಸಿನಕಾಯಿ ಇಟ್ಟುಹೋದರು. ಸಹೋದ್ಯೋಗಿ ಒಂದೊಂದಾಗಿ ಕಿತ್ತು, ಹಿಂಡಿ ಬಟ್ಟಲಿಗೆ ಹಾಕಿಕೊಳ್ಳತೊಡಗಿದರು. ಹೋದ ಸಲ ನಾನು ಅದನ್ನೆಲ್ಲ ಅಲಂಕಾರ ಅಂದುಕೊಂಡು ಮುಟ್ಟಿರಲಿಲ್ಲ. ಚಟ್ನಿ, ಸಾಂಬಾರ್ ಪಕ್ಕಕ್ಕೆ ತಳ್ಳಿ ಬರೀ ಇಡ್ಲಿ ತಿಂದು "ರುಚಿಯೇ ಇಲ್ಲ" ಅಂತ ಬರೆದ ಹಾಗಾಗಿತ್ತು.

ಮನೆಗೆ ಬಂದ ಕೂಡಲೇ ಆ ವಿಮರ್ಶೆ ಅಳಿಸಿದೆ. ಆದರೆ ಅಷ್ಟು ದಿನ ಅದನ್ನು ಎಷ್ಟು ಜನ ಓದಿದ್ದರೋ. ಅಲ್ಲಿಂದ ಈಚೆಗೆ ಸ್ವಲ್ಪ ಕ್ರಮ ಇಟ್ಟುಕೊಂಡೆ. ಈಗ ಗೂಗಲ್ ಮ್ಯಾಪ್ಸ್, ಯೆಲ್ಪ್‌ಗೂ ಬರೆಯುತ್ತೇನೆ, ಊರಿನ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿಗೂ ಬರೆಯುತ್ತೇನೆ. ಬಹುತೇಕ ಎರಡೇ ಬಗೆಯ ಅಂಗಡಿಗಳ ಬಗ್ಗೆ: ಟೆಕ್ಸ್-ಮೆಕ್ಸ್ (ಟೆಕ್ಸಸ್‌ನಲ್ಲಿ ಬೆಳೆದ ಮೆಕ್ಸಿಕನ್ ಬಗೆಯ ಅಡುಗೆ) ಮತ್ತು ವಿಯೆಟ್ನಾಮೀಸ್. ಹ್ಯೂಸ್ಟನ್ನಿನವರಿಗೆ ಇವೆರಡೂ ನಮ್ಮ ದರ್ಶಿನಿ ಇದ್ದ ಹಾಗೆ. ಮೊದಲೇ ಟೇಬಲ್ ಕಾಯ್ದಿರಿಸುವುದಿಲ್ಲ, ಮೇಜಿನ ಮೇಲೆ ಬಿಳಿ ಬಟ್ಟೆ ಇರುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡೇ ಹೋಗಿ ಹೊಟ್ಟೆ ತುಂಬಿಸಿಕೊಂಡು ಬರಬಹುದು. ಇಂಥ ಅಂಗಡಿಗಳಿಗೆ ಪತ್ರಿಕೆಯ ವಿಮರ್ಶಕರು ಬರುವುದು ಅಪರೂಪ. ನಾವು ನೀವು ಬರೆದದ್ದೇ ಅವರ ಪಾಲಿಗೆ ವಿಮರ್ಶೆ.

ಹೋಗುವ ಮುಂಚೆ: ಅಳತೆಗೋಲು ಸರಿಯಾದದ್ದೇ?

ಟೆಕ್ಸ್-ಮೆಕ್ಸ್ ಹೋಟೆಲ್‌ಗಳ ಕೆಳಗೆ ಪದೇ ಪದೇ ಕಾಣುವ ದೂರು ಒಂದಿದೆ: "ಇದು ನಿಜವಾದ ಮೆಕ್ಸಿಕನ್ ಅಡುಗೆ ಅಲ್ಲ." ಹೌದು, ಅಲ್ಲ. ಗೋಬಿ ಮಂಚೂರಿ ತಿಂದು "ಚೀನಾದಲ್ಲಿ ಹೀಗೆ ಮಾಡಲ್ಲ" ಅಂದ ಹಾಗೆ ಇದು. ಮಂಚೂರಿಗೆ ಮಂಚೂರಿಯದೇ ಅಳತೆ ಇದೆ. ಗೋಬಿ ಗರಿಗರಿ ಇರಬೇಕು, ಸಾಸ್ ಅಂಟಬೇಕು, ಬೆಳ್ಳುಳ್ಳಿ ಹಸಿ ಅನ್ನಿಸಬಾರದು. ಅದನ್ನು ಬೀಜಿಂಗ್ ತೂಕಕ್ಕೆ ಹಾಕಿದರೆ ಯಾರಿಗೆ ಉಪಯೋಗ?

ಟೆಕ್ಸಸ್‌ಗೂ ಮೆಕ್ಸಿಕೋಗೂ ನಡುವೆ ಗಡಿ ಬರುವುದಕ್ಕೆ ಮುಂಚಿನಿಂದ ಅಲ್ಲೇ ಇದ್ದ ಜನರ ಅಡುಗೆ ಇದು. ಸ್ಯಾನ್ ಆಂಟೋನಿಯೋದ ಚೌಕಗಳಲ್ಲಿ ಹೆಂಗಸರು ಸಂಜೆಯಾದರೆ ಒಲೆ ಹೂಡಿ ಖಾರದ ಮಾಂಸದ ಸಾರು, ಅಂದರೆ ಚಿಲಿ, ಮಾರುತ್ತಿದ್ದರು. ಅವರಿಗೆ ಚಿಲಿ ರಾಣಿಯರು ಅಂತಲೇ ಹೆಸರು. ಗಡಿಯಾಚೆ ಪಿಯದ್ರಾಸ್ ನೆಗ್ರಾಸ್ ಊರಿನ ಇಗ್ನಾಸಿಯೋ ಅನಾಯಾ 1940ರ ದಶಕದಲ್ಲಿ ಅಡುಗೆಮನೆಯಲ್ಲಿ ಸಿಕ್ಕಿದ್ದನ್ನೇ ಜೋಡಿಸಿ ಅತಿಥಿಗಳಿಗೆ ಕೊಟ್ಟ ತಿಂಡಿ ಅವರ ಮುದ್ದು ಹೆಸರಿನಲ್ಲೇ ನಾಚೋ ಆಯಿತು. ಹ್ಯೂಸ್ಟನ್‌ನ ನ್ಯಾವಿಗೇಶನ್ ಬೀದಿಯಲ್ಲಿ ನಿನ್ಫಾ ಲೊರೆನ್ಜೊ ಎಂಬ ತಾಯಿ 1973ರಲ್ಲಿ ತಮ್ಮ ಟೋರ್ಟಿಯಾ (ಅಲ್ಲಿಯ ತೆಳು ರೊಟ್ಟಿ) ಕಾರ್ಖಾನೆಯಲ್ಲೇ ಕೆಲವು ಮೇಜು ಹಾಕಿ ಸಣ್ಣ ಹೋಟೆಲ್ ತೆರೆದರು. ಟೋರ್ಟಿಯಾದಲ್ಲಿ ಸುತ್ತಿ ತಿನ್ನುವ ಸುಟ್ಟ ಮಾಂಸದ ಹೋಳು, ಅಂದರೆ ಫಹೀಟಾ, ಊರೆಲ್ಲ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು.

ನಮಗೆ ಇಲ್ಲಿ ಒಂದು ಅನುಕೂಲ ಇದೆ. ಟೆಕ್ಸ್-ಮೆಕ್ಸ್ ಅಡುಗೆಯ ಗುರುತು ಜೀರಿಗೆ. ಮೆಕ್ಸಿಕೋದ ಒಳನಾಡಿನಲ್ಲಿ ಇಷ್ಟೊಂದು ಜೀರಿಗೆ ಹಾಕುವುದಿಲ್ಲ, ಟೆಕ್ಸಸ್‌ನವರು ಧಾರಾಳವಾಗಿ ಹಾಕುತ್ತಾರೆ. ಜೀರಿಗೆ ಹದವಾಗಿ ಹುರಿದಿದೆಯೋ, ಸೀದು ಕಹಿಯಾಗಿದೆಯೋ, ಹಸಿಯಾಗಿ ಉಳಿದಿದೆಯೋ ಎಂದು ಹೇಳಲು ಕನ್ನಡದ ನಾಲಿಗೆಗಿಂತ ಒಳ್ಳೆಯ ಯಂತ್ರ ಬೇಕಾ?

ವಿಯೆಟ್ನಾಮೀಸ್ ಅಡುಗೆ ಈ ಊರಿಗೆ ಬಂದದ್ದು 1975ರಲ್ಲಿ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ, ನಿರಾಶ್ರಿತರ ಜೊತೆ. ಮೊದಲು ಮಿಡ್‌ಟೌನ್ ಕಡೆ ಅಂಗಡಿಗಳು ಹುಟ್ಟಿದವು. ಆಮೇಲೆ ನೈಋತ್ಯಕ್ಕೆ, ಬೆಲೇರ್ ಬುಲೆವಾರ್ಡ್ ಉದ್ದಕ್ಕೂ ಹರಡಿದವು. ಫೋ ಹುಟ್ಟಿದ್ದು ವಿಯೆಟ್ನಾಂನ ಉತ್ತರದಲ್ಲಿ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ದೊಡ್ಡ ಸಂಖ್ಯೆಯಲ್ಲಿ ಜನ ದಕ್ಷಿಣಕ್ಕೆ ಬಂದರು, ಫೋ ಕೂಡ ಬಂತು. ದಕ್ಷಿಣದವರು ಅದಕ್ಕೆ ಸೊಪ್ಪಿನ ತಟ್ಟೆ, ಮೊಳಕೆ, ಹೊಯ್ಸಿನ್ ಎಂಬ ಸಿಹಿ ಸೋಯಾ ಸಾಸ್ ಸೇರಿಸಿದರು, ಸಾರು ಒಂಚೂರು ಸಿಹಿಯಾಯಿತು. ಹ್ಯೂಸ್ಟನ್‌ನಲ್ಲಿ ಹೆಚ್ಚಾಗಿ ಸಿಗುವುದು ಈ ದಕ್ಷಿಣದ ಬಗೆ. "ಸಾರು ಸಿಹಿಯಾಗಿದೆ" ಎಂದು ಬರೆಯುವ ಮುಂಚೆ ಇದು ಗೊತ್ತಿರಲಿ. ಉಡುಪಿ ಸಾಂಬಾರ್ ಬಗ್ಗೆ ಆಂಧ್ರದವರು ಹೇಳುವ ಮಾತೂ ಅದೇ ಅಲ್ವಾ?

ಅಂದ ಹಾಗೆ ಉಚ್ಚಾರ. ಎಲ್ಲರೂ ಫೋ ಅಂತ ಬರೆಯುತ್ತಾರೆ, ನಾನೂ ಹಾಗೇ ಬರೆದಿದ್ದೇನೆ. ಆದರೆ ವಿಯೆಟ್ನಾಂನವರು ಅನ್ನುವುದು ಹೆಚ್ಚುಕಡಿಮೆ ನಮ್ಮ ‘ಫ’ ಅಕ್ಷರವನ್ನೇ, ಕೊನೆಯಲ್ಲಿ ಪ್ರಶ್ನೆ ಕೇಳುವಂತೆ ದನಿ ಏರಿಸಿ. "ಫ?" ಅಂದರೆ ಅಂಗಡಿಯವರ ಮುಖ ಅರಳುತ್ತದೆ.

ನಿಮ್ಮ ನಾಲಿಗೆಯ ಜಾತಕ ಮೊದಲೇ ಹೇಳಿ

ನಾನು ಕೋಳಿ, ಮೀನು ತಿನ್ನುತ್ತೇನೆ, ದನದ ಮಾಂಸ ತಿನ್ನುವುದಿಲ್ಲ. ಫೋ ಅಂಗಡಿಯ ಹೆಸರು ನಿಲ್ಲುವುದೇ ದನದ ಮೂಳೆಯ ಸಾರಿನ ಮೇಲೆ. ಹಾಗಿರುವಾಗ "ಈ ಊರಿನ ಅತ್ಯುತ್ತಮ ಫೋ" ಎಂದು ನಾನು ಬರೆದರೆ ಅದು ಸುಳ್ಳು. ನಾನು ಬರೆಯುವುದು ಹೀಗೆ: "ಕೋಳಿ ಫೋ ಮಾತ್ರ ತಿಂದಿದ್ದೇನೆ. ಜೊತೆಗೆ ಬಂದ ಗೆಳೆಯನಿಗೆ ಬ್ರಿಸ್ಕೆಟ್ (ದನದ ಎದೆಯ ಮಾಂಸ) ಇಷ್ಟವಾಯಿತು." ಗೆಳೆಯನ ಮಾತು ಗೆಳೆಯನ ಲೆಕ್ಕಕ್ಕೇ ಇರಲಿ.

ಖಾರದ ವಿಷಯವೂ ಹಾಗೆಯೇ. ಗುಂಟೂರು ಮೆಣಸಿನಕಾಯಿ ನೋಡಿದವರಿಗೆ ಇಲ್ಲಿಯ ಹಲಪೇನೊ ಮೆಣಸಿನಕಾಯಿ ಸುಮ್ನೆ ತರಕಾರಿ. "ಖಾರ ಇಲ್ಲ" ಅನ್ನುವುದು ಅಡುಗೆಯ ದೋಷ ಆಗಲೇಬೇಕಿಲ್ಲ. "ನಮ್ಮ ಮನೆ ಸಾರಿಗಿಂತ ಖಾರ ಕಡಿಮೆ, ಮಕ್ಕಳಿಗೆ ಕೊಡಬಹುದು" ಅಂದರೆ ಓದುವವರು ತಮಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಾರೆ.

ಯಾವಾಗ ಹೋಗಬೇಕು, ಎಷ್ಟು ಸಲ ಹೋಗಬೇಕು

ಹೊಸ ಅಂಗಡಿ ತೆರೆದ ವಾರವೇ ಓಡಬೇಡಿ. ತಿನ್ನೋಕೆ ಹೋಗಿ, ಬರೆಯೋಕೆ ಬೇಡ. ಒಂದು ತಿಂಗಳು ಕಾಯುವುದು ಪತ್ರಿಕೆಯ ವಿಮರ್ಶಕರಲ್ಲೂ ಹಳೆಯ ಪದ್ಧತಿ. ಅಷ್ಟರಲ್ಲಿ ಅಡುಗೆಯವರ ಕೈ ಕೂರುತ್ತದೆ, ಸಪ್ಲೈಯರ್‌ಗೆ ಮೇಜಿನ ನಂಬರ್ ನೆನಪಿರುತ್ತದೆ.

ಕಡಿಮೆ ಅಂದರೆ ಎರಡು ಸಲ ಹೋಗಿ. ಒಮ್ಮೆ ವಾರದ ನಡುವೆ ಮಧ್ಯಾಹ್ನ, ಒಮ್ಮೆ ಶನಿವಾರವೋ ಭಾನುವಾರವೋ ಗದ್ದಲದ ಹೊತ್ತಿನಲ್ಲಿ. ಒಂದೇ ಸಲ ಹೋಗಿದ್ದರೆ ಹಾಗಂತ ಬರೆದುಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ. ಇಬ್ಬರು ಮೂವರು ಹೋದರೆ ಒಳ್ಳೆಯದು, ತಟ್ಟೆ ಹಂಚಿಕೊಂಡು ನಾಲ್ಕೈದು ಬಗೆ ರುಚಿ ನೋಡಬಹುದು. ದುಡ್ಡು ನೀವೇ ಕೊಡಿ. ಮಾಲೀಕರು ಪ್ರೀತಿಯಿಂದ ಏನಾದರೂ ಬಿಟ್ಟಿ ಕೊಟ್ಟರೆ ತಿನ್ನಿ, ಆದರೆ ವಿಮರ್ಶೆಯಲ್ಲಿ ಆ ಸಾಲು ಇರಲಿ.

ಮೂರು ಬಗೆ ತರಿಸಿಕೊಳ್ಳಿ. ಆ ಅಡುಗೆಯ ಪರೀಕ್ಷೆಯ ತಿಂಡಿ ಒಂದು, ಆ ಅಂಗಡಿಗೆ ಹೆಸರು ತಂದದ್ದು ಒಂದು, ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನು ನೋಡಿ ಆಸೆಯಾದದ್ದು ಒಂದು. ಕೊನೆಯದು ನನಗೆ ಬಹಳ ಸಲ ಲಾಭ ತಂದಿದೆ.

ಟೆಕ್ಸ್-ಮೆಕ್ಸ್ ಮೇಜಿನ ಮೇಲೆ

ಕುಳಿತ ತಕ್ಷಣ ಚಿಪ್ಸ್ ಬುಟ್ಟಿ, ಟೊಮೆಟೊ ಚಟ್ನಿಯಂಥ ಸಾಲ್ಸಾದ ಬಟ್ಟಲು ಬರುತ್ತದೆ. ಹೆಚ್ಚಿನ ಕಡೆ ಇದು ಉಚಿತ. ಅಂಗಡಿಯ ಅರ್ಧ ಕಥೆ ಇಲ್ಲೇ ಗೊತ್ತಾಗುತ್ತದೆ. ಚಿಪ್ಸ್ ಬೆಚ್ಚಗಿದೆಯಾ? ಎಣ್ಣೆ ಹಳೆಯದಾಗಿ ಕಮಟು ವಾಸನೆ ಬರುತ್ತಿದೆಯಾ? ಸಾಲ್ಸಾ ಬೆಳಿಗ್ಗೆ ರುಬ್ಬಿದ್ದೋ, ಡಬ್ಬಿಯಿಂದ ಸುರಿದದ್ದೋ? ಸುಟ್ಟ ಟೊಮೆಟೊದ ಹೊಗೆವಾಸನೆ ಇದ್ದರೆ ಒಳಗೆ ಯಾರೋ ಅಕ್ಕರೆಯಿಂದ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ಮುಂದಿನದು ಟೋರ್ಟಿಯಾ. ಮೈದಾದ್ದು, ಮುಸುಕಿನ ಜೋಳದ್ದು, ಎರಡೂ ಕೇಳಿ. ಕೆಲವು ಅಂಗಡಿಗಳಲ್ಲಿ ಮುಂದೆಯೇ ಹೆಂಗಸೊಬ್ಬರು ನಿಂತು ಲಟ್ಟಿಸುತ್ತಿರುತ್ತಾರೆ, ನೋಡಿದರೆ ನಮ್ಮ ಖಾನಾವಳಿಯ ರೊಟ್ಟಿ ಬಡಿಯುವವರ ನೆನಪಾಗುತ್ತದೆ. ಕೈಯಲ್ಲಿ ಮಾಡಿದ್ದರೆ ಪೂರ್ತಿ ದುಂಡಗಿರುವುದಿಲ್ಲ, ಅಲ್ಲಲ್ಲಿ ಕಂದು ಚುಕ್ಕಿ, ಎಳೆದರೆ ಪದರ ಬಿಡುತ್ತದೆ. ಜೋಳದ್ದಕ್ಕೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬುತ್ತಾರೆ. ಆ ಮಣ್ಣಿನಂಥ ಪರಿಮಳ ಬಂದರೆ ಸರಿ. ರಟ್ಟಿನ ಹಾಗೆ ಮುರಿದರೆ ಪ್ಯಾಕೆಟ್ಟಿನದು, ಅದೂ ಸರಿಯಾಗಿ ಕಾಯಿಸಿಲ್ಲ.

ಪರೀಕ್ಷೆಯ ತಿಂಡಿ ಯಾವುದು ಅಂದರೆ, ನನ್ನ ಪ್ರಕಾರ ಚೀಸ್ ಎಂಚಿಲಾಡ. ಜೋಳದ ಟೋರ್ಟಿಯಾವನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಮೆತ್ತಗೆ ಮಾಡಿ, ಒಳಗೆ ಹಳದಿ ಚೀಸ್ ಸುತ್ತಿ, ಮೇಲೆ ಚಿಲಿ ಗ್ರೇವಿ ಸುರಿದು, ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ. ಅಷ್ಟೇ. ತಪ್ಪು ಮುಚ್ಚಿಡಲು ಇಲ್ಲಿ ಜಾಗವಿಲ್ಲ. ಗ್ರೇವಿಯಲ್ಲಿ ಹಿಟ್ಟಿನ ಹಸಿವಾಸನೆ ಇದೆಯಾ ನೋಡಿ. ಮೆಣಸಿನಪುಡಿ, ಜೀರಿಗೆ, ಬೆಳ್ಳುಳ್ಳಿ ಬೇರೆ ಬೇರೆಯಾಗಿ ನಾಲಿಗೆಗೆ ತಗುಲುತ್ತವೋ, ಒಂದೇ ಆಗಿ ಬೆರೆತಿವೆಯೋ ನೋಡಿ. ಟೋರ್ಟಿಯಾ ನೆನೆದು ಗಂಜಿಯಾಗಿರಬಾರದು, ಚಮಚದ ಅಂಚಿಗೆ ಸ್ವಲ್ಪ ತಡೆ ಕೊಡಬೇಕು. ತಟ್ಟೆ ಬೆಂಕಿಯಂತೆ ಸುಡುತ್ತಿರುತ್ತದೆ. ಸಪ್ಲೈಯರ್ "ಹಾಟ್ ಪ್ಲೇಟ್" ಅಂತ ಎಚ್ಚರಿಸಿದರೂ ಮುಟ್ಟಿ ಕೈ ಸುಟ್ಟುಕೊಳ್ಳುವವರಲ್ಲಿ ನಾನೂ ಒಬ್ಬ.

ಕೇಸೊ ಬಗ್ಗೆ ಒಂದು ಮಾತು. ಕರಗಿದ ಹಳದಿ ಚೀಸ್‌ನಲ್ಲಿ ಮೆಣಸಿನಕಾಯಿ, ಟೊಮೆಟೊ ಬೆರೆಸಿದ ಬಟ್ಟಲು ಅದು. ಬಹುಪಾಲು ಕಡೆ ಪ್ರೊಸೆಸ್ಡ್ ಚೀಸ್ ಹಾಕುತ್ತಾರೆ, ಅದಕ್ಕೇ ಅದು ಗಂಟು ಕಟ್ಟದೆ ನುಣ್ಣಗಿರುವುದು. "ಅಸಲಿ ಚೀಸ್ ಅಲ್ಲ" ಎಂದು ಮೂಗು ಮುರಿದರೆ ಟೆಕ್ಸಸ್‌ನವರು ನಗುತ್ತಾರೆ. ಹತ್ತು ನಿಮಿಷ ಆದ ಮೇಲೂ ಕೆನೆ ಕಟ್ಟದೆ ಉಳಿದಿದೆಯಾ ಅಂತ ಕೇಳಿ, ಅದು ನ್ಯಾಯವಾದ ಪ್ರಶ್ನೆ.

ಫಹೀಟಾ ಬರುವಾಗ ಕಬ್ಬಿಣದ ತಟ್ಟೆ ಚುರ್ ಎಂದು ಹೊಗೆಯಾಡುತ್ತ ಬರುತ್ತದೆ, ಇಡೀ ಹೋಟೆಲ್ ತಿರುಗಿ ನೋಡುತ್ತದೆ. ಆ ಸದ್ದಿಗೆ ಅಂಕ ಕೊಡಬೇಡಿ. ಈರುಳ್ಳಿ, ದೊಣ್ಣೆಮೆಣಸಿನಕಾಯಿ ಕೆಂಡದ ಗುರುತು ಹೊತ್ತಿವೆಯಾ, ಬೆಂದು ನೀರು ಬಿಟ್ಟಿವೆಯಾ? ಕೋಳಿ ತುಂಡು ಒಣಗಿದೆಯಾ? ಅಷ್ಟು ನೋಡಿ. ಕುಡಿಯುವವರಿಗೆ ಫ್ರೋಜನ್ ಮಾರ್ಗರೀಟಾ ಇದೆ. ಡಲ್ಲಾಸ್‌ನ ಮಾರಿಯಾನೊ ಮಾರ್ಟಿನೆಜ್ 1971ರಲ್ಲಿ ಐಸ್‌ಕ್ರೀಮ್ ಯಂತ್ರವನ್ನು ಮಾರ್ಪಡಿಸಿ ಅದನ್ನು ಯಂತ್ರದಲ್ಲಿ ತಿರುಗಿಸತೊಡಗಿದರು. ಆ ಯಂತ್ರ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ! ನಾನು ಕಾರು ಓಡಿಸುವವನು, ನಿಂಬೆ ಪಾನಕವೇ ಗತಿ.

ವಿಯೆಟ್ನಾಮೀಸ್ ಮೇಜಿನ ಮೇಲೆ

ಇಲ್ಲಿ ಕ್ರಮ ಮುಖ್ಯ. ಬಟ್ಟಲು ಬಂದ ಕೂಡಲೇ ಏನನ್ನೂ ಹಾಕಬೇಡಿ. ಬಗ್ಗಿ ಆವಿ ಮೂಸಿ ನೋಡಿ. ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ ನಮಗೆ ಪರಿಚಯದವೇ, ಬಿರಿಯಾನಿ ಮಸಾಲೆಯ ನೆಂಟರು. ದನದ ಸಾರಿನ ಫೋಗೆ ಇವೆಲ್ಲ ಬೀಳುತ್ತವೆ. ಕೋಳಿ ಫೋಗೆ ಮಸಾಲೆಯ ಕೈ ಹಗುರ. ಸುಟ್ಟ ಈರುಳ್ಳಿ, ಸುಟ್ಟ ಶುಂಠಿಯ ವಾಸನೆ ಎರಡರಲ್ಲೂ ಬರಬೇಕು. ಚಕ್ರಮೊಗ್ಗು ಒಂದೇ ಮೂಗಿಗೆ ಹೊಡೆದರೆ ಅಳತೆ ತಪ್ಪಿದೆ ಅಂತ ಲೆಕ್ಕ.

ಆಮೇಲೆ ಬರೀ ಸಾರು, ಮೂರು ಚಮಚ. ಗಂಟೆಗಟ್ಟಲೆ ಮೂಳೆ ಕುದಿಸಿ ತೆಗೆದ ಸಾರಾದರೆ ತಿಳಿಯಾಗಿಯೂ ಇರುತ್ತದೆ, ತುಟಿಗೆ ಒಂದಿಷ್ಟು ಅಂಟುತ್ತದೆ ಕೂಡ. ಬರೀ ಉಪ್ಪು, ಸಕ್ಕರೆ ಗೊತ್ತಾದರೆ ಅವಸರದ ಅಡುಗೆ. ಬಿಸಿ ಎಷ್ಟಿದೆ? ಹಸಿ ಮಾಂಸದ ತೆಳು ಹೋಳು ಬಟ್ಟಲಿನಲ್ಲೇ ಬೇಯಬೇಕು, ಸಾರು ಉಗುರುಬೆಚ್ಚಗೆ ಬಂದರೆ ಅದು ದೊಡ್ಡ ತಪ್ಪು.

ನೂಡಲ್ಸ್ ಮುದ್ದೆಯಾಗಿ ತಳದಲ್ಲಿ ಕೂತಿದೆಯಾ, ಚಾಪ್‌ಸ್ಟಿಕ್ಕಿಗೆ ಎಳೆ ಎಳೆಯಾಗಿ ಬರುತ್ತದೆಯಾ ನೋಡಿ. ಈಗ ಸೊಪ್ಪಿನ ತಟ್ಟೆಗೆ ಬನ್ನಿ. ಥಾಯ್ ತುಳಸಿ ಇರುತ್ತದೆ, ನಮ್ಮ ಕಾಮಕಸ್ತೂರಿಯ ಹತ್ತಿರದ್ದು. ಎಲೆ ಕಪ್ಪಾಗಿದ್ದರೆ, ಮೊಳಕೆ ಲೋಳೆಯಾಗಿದ್ದರೆ ಬರೆಯಿರಿ. ಫ್ರಿಡ್ಜ್ ಹೇಗಿದೆ ಅಂತ ಅದರಲ್ಲೇ ತಿಳಿಯುತ್ತದೆ. ನಿಂಬೆ ಹಿಂಡಿ, ಸೊಪ್ಪು ಹರಿದು ಹಾಕಿ, ಮತ್ತೆ ರುಚಿ ನೋಡಿ. ಹೊಯ್ಸಿನ್, ಶ್ರೀರಾಚಾ ಎಂಬ ಖಾರದ ಸಾಸ್ ಎರಡನ್ನೂ ಸಣ್ಣ ಬಟ್ಟಲಿಗೆ ಹಾಕಿಕೊಂಡು ಅದರಲ್ಲಿ ಮಾಂಸ ಅದ್ದಿ. ಇಡೀ ಬಟ್ಟಲಿಗೆ ಸುರಿದರೆ ಎಲ್ಲ ಅಂಗಡಿಯ ಫೋ ಒಂದೇ ಆಗಿಬಿಡುತ್ತದೆ, ವಿಮರ್ಶೆ ಮಾಡಲು ಏನೂ ಉಳಿಯುವುದಿಲ್ಲ.

ಫೋ ಒಂದಕ್ಕೇ ನಿಲ್ಲಬೇಡಿ. ಬುನ್ ಅಂದರೆ ಅಕ್ಕಿ ಶಾವಿಗೆ. ನಮ್ಮ ಒತ್ತು ಶಾವಿಗೆ ತಿಂದವರಿಗೆ ಹದ ಹೇಳಿಕೊಡಬೇಕಿಲ್ಲ. ಕಮ್ ತಮ್ ಅಂದರೆ ನುಚ್ಚಕ್ಕಿಯ ಅನ್ನ. ಒಂದು ಕಾಲದಲ್ಲಿ ಗಿರಣಿಯಲ್ಲಿ ಮುರಿದು ಉಳಿದ ಅಕ್ಕಿ, ಬಡವರ ಊಟ. ಈಗ ಅದನ್ನೇ ಕೇಳಿ ತಿನ್ನುತ್ತಾರೆ. ನಮ್ಮಜ್ಜಿ ನುಚ್ಚು ಬೇಯಿಸುವಾಗ ಮುಖ ಸಿಂಡರಿಸುತ್ತಿದ್ದ ನಾನು ಇಲ್ಲಿ ಅದಕ್ಕೆ ಡಾಲರ್ ಕೊಟ್ಟು ತಿಂದೆ.

ಬಾನ್ ಮೀ, ಅಂದರೆ ವಿಯೆಟ್ನಾಂನ ಸ್ಯಾಂಡ್‌ವಿಚ್, ಇದರ ಪರೀಕ್ಷೆ ಸುಲಭ. ಕಚ್ಚಿದಾಗ ಬ್ರೆಡ್ಡಿನ ಪುಡಿ ಅಂಗಿಯ ಮೇಲೆ ಉದುರಬೇಕು. ಹೊರಗೆ ತೆಳು ಗರಿ, ಒಳಗೆ ಹತ್ತಿ. ಕ್ಯಾರೆಟ್, ಮೂಲಂಗಿಯ ಹುಳಿ ಉಪ್ಪಿನಕಾಯಿ ಕರುಮ್ ಅನ್ನಬೇಕು. ಅಂಗಿ ಚೊಕ್ಕಟವಾಗಿ ಉಳಿದರೆ ಬ್ರೆಡ್ ನಿನ್ನೆಯದು.

ಕಾಫಿ ಮರೆಯಬೇಡಿ. ಫಿನ್ ಅನ್ನುವ ಪುಟ್ಟ ಫಿಲ್ಟರ್, ಒಂದೊಂದೇ ಹನಿ ಇಳಿಯುವ ಗಟ್ಟಿ ಡಿಕಾಕ್ಷನ್, ತಳದಲ್ಲಿ ಕಂಡೆನ್ಸ್ಡ್ ಹಾಲು, ಮೇಲೆ ಐಸ್. ವಿಯೆಟ್ನಾಂನಲ್ಲಿ ಬೆಳೆಯುವುದು ಬಹುಪಾಲು ರೊಬಸ್ಟಾ, ನಮ್ಮ ಕೊಡಗಿನಲ್ಲೂ ಅದೇ ಜಾಸ್ತಿ. ಅಮೆರಿಕದ ಎಷ್ಟೋ ವಿಯೆಟ್ನಾಮೀಸ್ ಅಂಗಡಿಗಳು ನ್ಯೂ ಆರ್ಲೀನ್ಸ್‌ನ ಚಿಕೋರಿ ಬೆರೆತ ಕಾಫಿ ಪುಡಿ ಬಳಸುತ್ತವೆ. ಮೊದಲ ಗುಟುಕಿಗೇ ಮಲ್ಲೇಶ್ವರದ ಹೋಟೆಲ್ ನೆನಪಾದರೆ ಆಶ್ಚರ್ಯ ಪಡಬೇಡಿ. ಫಿಲ್ಟರನ್ನು ಮೇಜಿಗೇ ತಂದಿಟ್ಟರೆ ನಾನು ಮನಸ್ಸಿನಲ್ಲಿ ಅರ್ಧ ಅಂಕ ಜಾಸ್ತಿ ಕೊಡುತ್ತೇನೆ. ಇದು ಪಕ್ಷಪಾತವೇ, ಒಪ್ಪಿಕೊಳ್ಳುತ್ತೇನೆ.

ಸಸ್ಯಾಹಾರಿಗಳಿಗಾಗಿ ಕೇಳಲೇಬೇಕಾದ ಪ್ರಶ್ನೆಗಳು

ನನ್ನ ವಿಮರ್ಶೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಭಾಗದಿಂದಲೇ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಆರು ತಿಂಗಳು ಮನೆಯಲ್ಲೇ ಕೂತು ಬೇಜಾರಾಗಿರುತ್ತದೆ, ಎಲ್ಲಿಗೆ ಕರೆದುಕೊಂಡು ಹೋಗುವುದು? ಮೆನುವಿನಲ್ಲಿ ಬೀನ್ಸ್, ಅನ್ನ, ತರಕಾರಿ ಅಂತ ಬರೆದಿದ್ದರೆ ಸಾಲದು.

ಟೆಕ್ಸ್-ಮೆಕ್ಸ್‌ನಲ್ಲಿ ರೀಫ್ರೈಡ್ ಬೀನ್ಸ್‌ಗೆ (ಬೇಯಿಸಿ ಕಿವುಚಿ ಹುರಿದ ಕಾಳು) ಹಂದಿ ಕೊಬ್ಬು ಹಾಕುವುದು ಹಳೆಯ ರೂಢಿ. "ಮಾಂತೆಕಾ ಹಾಕ್ತೀರಾ?" ಅಂತ ಕೇಳಿ, ಮಾಂತೆಕಾ ಅಂದರೆ ಹಂದಿ ಕೊಬ್ಬು. ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಚೀಸ್ ಎಂಚಿಲಾಡ ಮೇಲಿನ ಗ್ರೇವಿಯಲ್ಲಿ ಎಷ್ಟೋ ಕಡೆ ಮಾಂಸ ಇರುತ್ತದೆ. ಮೈದಾ ಟೋರ್ಟಿಯಾ ಹಿಟ್ಟಿಗೂ ಕೊಬ್ಬು ಸೇರಿಸುವವರಿದ್ದಾರೆ. ಬಾಣಲೆ ಬೇರೆ ಇದೆಯಾ ಅಂತಲೂ ಕೇಳಿ, ಕೆಲವರಿಗೆ ಅದು ಮುಖ್ಯ.

ವಿಯೆಟ್ನಾಮೀಸ್ ಮೆನುವಿನಲ್ಲಿ "ಚಾಯ್" ಎಂಬ ಪದ ಹುಡುಕಿ. ಟೀ ಅಲ್ಲ, ಅವರ ಭಾಷೆಯಲ್ಲಿ ಅದು ಸಸ್ಯಾಹಾರ, ಬೌದ್ಧರ ವ್ರತದ ಊಟದಿಂದ ಬಂದದ್ದು. ಚಾಯ್ ಎಂದು ಬೋರ್ಡ್ ಹಾಕಿದ ಅಂಗಡಿಯಾದರೆ ನಿಶ್ಚಿಂತೆ. ಸಾಮಾನ್ಯ ಅಂಗಡಿಯಲ್ಲಿ "ತರಕಾರಿ ಫೋ" ಅಂದರೆ ಮಾಂಸದ ಸಾರಿನಲ್ಲೇ ತರಕಾರಿ ಹಾಕಿರಬಹುದು. ತೋಫು ರೋಲ್ ಜೊತೆ ಬರುವ ತಿಳಿ ಕಂದು ಬಣ್ಣದ ಅದ್ದುವ ಸಾಸ್ ನೂಕ್ ಚಾಮ್‌ನಲ್ಲಿ ಮೀನಿನ ಸಾಸ್ ಇರುತ್ತದೆ. ಕಡಲೆಕಾಯಿ ಸಾಸ್ ಕೇಳಿ, ಅದರಲ್ಲೂ ಏನಿದೆ ಅಂತ ವಿಚಾರಿಸಿ.

ಸಿಕ್ಕಿದ ಉತ್ತರವನ್ನು ತಾರೀಖಿನ ಜೊತೆ ಬರೆಯಿರಿ. "ಬೀನ್ಸ್‌ಗೆ ಎಣ್ಣೆ ಮಾತ್ರ ಅಂತ ಸಪ್ಲೈಯರ್ ಅಡುಗೆಮನೆಗೆ ಹೋಗಿ ಕೇಳಿ ಬಂದು ಹೇಳಿದರು, ಮಾರ್ಚ್‌ನಲ್ಲಿ." ನೀವು ಗ್ಯಾರಂಟಿ ಕೊಡಬೇಡಿ, ಕೇಳಿದ್ದನ್ನು ಮಾತ್ರ ಹೇಳಿ.

ಸರ್ವಿಸ್, ಬಿಲ್, ಉಳಿದ ಚಿಲ್ಲರೆ

ಸಣ್ಣ ಫೋ ಅಂಗಡಿಯಲ್ಲಿ ಯಾರೂ ಬಂದು "ಊಟ ಹೇಗಿದೆ" ಅಂತ ವಿಚಾರಿಸುವುದಿಲ್ಲ. ನಂಬರ್ ಹೇಳಿದರೆ ಬಟ್ಟಲು ಬರುತ್ತದೆ, ಮುಗಿದ ಮೇಲೆ ಕೌಂಟರಿಗೆ ಹೋಗಿ ದುಡ್ಡು ಕೊಡಬೇಕು. ಅದು ಒರಟುತನ ಅಲ್ಲ, ಅಲ್ಲಿಯ ನಡವಳಿಕೆ. ನಮ್ಮ ದರ್ಶಿನಿಯಲ್ಲಿ ಯಾರು ಬಂದು ವಿಚಾರಿಸುತ್ತಾರೆ?

ಬೆಲೆ ಬರೆಯುವಾಗ ಮೆನುವಿನ ಅಂಕಿ ಸಾಲದು. ಹ್ಯೂಸ್ಟನ್‌ನಲ್ಲಿ ಮಾರಾಟ ತೆರಿಗೆ ಶೇ. 8.25, ಮೇಲೆ ಟಿಪ್. "ಇಬ್ಬರಿಗೆ, ತೆರಿಗೆ, ಟಿಪ್ ಸೇರಿ ಇಷ್ಟು" ಅಂತ ಬರೆಯಿರಿ. ಟೆಕ್ಸಸ್‌ನಲ್ಲಿ ಟಿಪ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ ಬರೀ 2.13 ಡಾಲರ್. ಟಿಪ್ ಸೇರಿಯೂ 7.25 ಆಗದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕರು ತುಂಬಬೇಕು. ಅಡುಗೆ ತಡವಾಯಿತು ಎಂಬ ಸಿಟ್ಟನ್ನು ಸಪ್ಲೈಯರ್ ಟಿಪ್ ಮೇಲೆ, ಅವರ ಹೆಸರು ಹಾಕಿ ವಿಮರ್ಶೆಯ ಮೇಲೆ ತೀರಿಸಿಕೊಳ್ಳಬೇಡಿ.

ಪಾರ್ಕಿಂಗ್ ಇದೆಯಾ, ನಗದು ಮಾತ್ರವೇ, ಮಕ್ಕಳಿಗೆ ಎತ್ತರದ ಕುರ್ಚಿ ಇದೆಯಾ, ಟಾಯ್ಲೆಟ್ ಹೇಗಿದೆ? ಒಂದೇ ಸಾಲಿನಲ್ಲಿ ಮುಗಿಸಿ. ಫೋಟೊ ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದ ಮೇಜಿನವರ ಮುಖ ಬರದ ಹಾಗೆ ತೆಗೆಯಿರಿ. ಕಾರಿನಲ್ಲಿ ಕೂತ ಕೂಡಲೇ ಎರಡು ನಿಮಿಷ ಫೋನಿಗೆ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ರಾತ್ರಿ ನೆನಪಿಸಿಕೊಂಡರೆ "ಚೆನ್ನಾಗಿತ್ತು" ಒಂದೇ ಉಳಿದಿರುತ್ತದೆ.

ಬರೆಯಲು ಕೂತಾಗ

ಮೊದಲ ಸಾಲಿನಲ್ಲೇ ಓದುವವರಿಗೆ ಬೇಕಾದ್ದು ಹೇಳಿ: ಏನು ತಿನ್ನಬೇಕು, ಯಾರು ಹೋಗಬೇಕು. ನೀವು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಕಥೆ ಯಾರಿಗೂ ಬೇಡ. ಸೂಪರ್, ಅದ್ಭುತ, ಬಾಯಲ್ಲಿ ನೀರೂರಿಸುವ, ಅಥೆಂಟಿಕ್ ಇವನ್ನೆಲ್ಲ ಅಳಿಸಿ ಆ ಜಾಗದಲ್ಲಿ ನಾಲಿಗೆ, ಹಲ್ಲು, ಮೂಗು ಕಂಡದ್ದನ್ನು ಬರೆಯಿರಿ. ಕನ್ನಡದಲ್ಲಿ ಇದಕ್ಕೆ ಪದಗಳಿಗೆ ಬರವಿಲ್ಲ: ಗರಿಗರಿ, ಮೆತ್ತಗೆ, ಜಿಗುಟು, ಒಗರು, ಕಮಟು, ಸೀಕಲು, ಹದ, ಘಮ.

ನನ್ನದೇ ಹಳೆಯ ಒಂದು ವಿಮರ್ಶೆ ಹೀಗಿತ್ತು: "ಒಳ್ಳೆಯ ಜಾಗ. ಎಂಚಿಲಾಡ ಸೂಪರ್. ಸ್ಟಾಫ್ ತುಂಬಾ ಫ್ರೆಂಡ್ಲಿ. ಮತ್ತೆ ಬರ್ತೀವಿ." ಇದನ್ನು ಓದಿ ಯಾರಿಗೂ ಏನೂ ತಿಳಿಯಲಿಲ್ಲ. ಈಗಿನದು ಹೀಗಿರುತ್ತದೆ:

"ಚೀಸ್ ಎಂಚಿಲಾಡಕ್ಕೆ ಹೋಗಿ, ಫಹೀಟಾ ಬಿಡಿ. ಎರಡು ಸಲ ಹೋಗಿದ್ದೆ, ಬುಧವಾರ ಮಧ್ಯಾಹ್ನ ಮತ್ತು ಶನಿವಾರ ರಾತ್ರಿ. ಗ್ರೇವಿಯಲ್ಲಿ ಜೀರಿಗೆ ಚೆನ್ನಾಗಿ ಹುರಿದಿದ್ದರು, ಹಿಟ್ಟಿನ ವಾಸನೆ ಇರಲಿಲ್ಲ. ಆದರೆ ಅದರಲ್ಲಿ ಮಾಂಸ ಇದೆ, ಸಸ್ಯಾಹಾರಿಗಳು ಟೊಮೆಟೊ ಸಾಸ್ ಕೇಳಿ, ಕೊಡುತ್ತಾರೆ. ಟೋರ್ಟಿಯಾ ಅಲ್ಲೇ ಮಾಡುವುದು. ಶನಿವಾರ 40 ನಿಮಿಷ ಕಾದೆವು, ಅಷ್ಟರಲ್ಲಿ ಕೋಳಿ ಫಹೀಟಾ ಒಣಗಿ ಬಂತು. ಖಾರ ಕಡಿಮೆ. ಅಮ್ಮನಿಗೆ ಸಾಲ್ಸಾ ಇಷ್ಟವಾಗಿ ಎರಡನೇ ಬಟ್ಟಲು ಕೇಳಿದರು."

ಕೊನೆಯ ಸಾಲು ನೋಡಿ. ಅಮ್ಮ ಎರಡನೇ ಬಟ್ಟಲು ಕೇಳಿದ್ದು ಯಾವ ವಿಶೇಷಣಕ್ಕಿಂತ ಜಾಸ್ತಿ ಹೇಳುತ್ತದೆ.

ಸ್ಟಾರ್ ವಿಷಯದಲ್ಲಿ ನನ್ನ ಪದ್ಧತಿ ಸರಳ. ಮೂರು ಅಂದರೆ ಹತ್ತಿರ ಇದ್ದರೆ ಹೋಗಬಹುದು. ನಾಲ್ಕು ಅಂದರೆ ಇಪ್ಪತ್ತು ನಿಮಿಷ ಕಾರು ಓಡಿಸಬಹುದು. ಐದು ಅಂದರೆ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುತ್ತೇನೆ. ಒಂದು, ಎರಡು ಕೊಡುವ ಮುಂಚೆ ಒಂದು ರಾತ್ರಿ ನಿದ್ದೆ ಮಾಡುತ್ತೇನೆ.

ಕೆಟ್ಟ ಅನುಭವ ಆದರೆ

ಸಮಸ್ಯೆ ಇದ್ದರೆ ಅಲ್ಲೇ ಹೇಳಿ. ಸಾರು ತಣ್ಣಗಿದೆ ಅಂದರೆ ಬದಲಾಯಿಸಿ ಕೊಡುತ್ತಾರೆ. ಬದಲಾಯಿಸಿದ್ದೂ ವಿಮರ್ಶೆಯ ಭಾಗವೇ. ಬಾಯಿ ಮುಚ್ಚಿಕೊಂಡು ತಿಂದು ಮನೆಗೆ ಬಂದು ಫೋನಿನಲ್ಲಿ ಶೂರರಾಗುವ ಚಾಳಿ ನನಗೂ ಇತ್ತು.

ಹೊಟ್ಟೆ ಕೆಟ್ಟರೆ ಇನ್ನೂ ಎಚ್ಚರ ಬೇಕು. ನಾವು ಯಾವಾಗಲೂ ಕೊನೆಯ ಊಟವನ್ನೇ ಬೈಯುತ್ತೇವೆ. ಆದರೆ ನೊರೊವೈರಸ್ ಲಕ್ಷಣ ಕಾಣಲು 12ರಿಂದ 48 ಗಂಟೆ ಹಿಡಿಯುತ್ತದೆ, ಸಾಲ್ಮೊನೆಲ್ಲಾಗೆ 6 ಗಂಟೆಯಿಂದ 6 ದಿನ. ಮೊನ್ನೆಯ ಮನೆ ಊಟವೂ ಕಾರಣ ಇರಬಹುದು. ಅನುಮಾನ ಗಟ್ಟಿಯಾಗಿದ್ದರೆ 311ಕ್ಕೆ ಫೋನ್ ಮಾಡಿ ನಗರದ ಆರೋಗ್ಯ ಇಲಾಖೆಗೆ ತಿಳಿಸಿ, ತಪಾಸಣೆ ಮಾಡುವವರು ಅವರು. ಹೋಟೆಲ್‌ಗಳ ತಪಾಸಣೆ ವರದಿಗಳು ಸಾರ್ವಜನಿಕರಿಗೆ ನೋಡಲು ಸಿಗುತ್ತವೆ, ಬರೆಯುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಕಾನೂನಿನ ಕಡೆಯಿಂದ ಎರಡು ಮಾತು. ಅಮೆರಿಕದಲ್ಲಿ 2016ರ ಕನ್ಸ್ಯೂಮರ್ ರಿವ್ಯೂ ಫೇರ್‌ನೆಸ್ ಕಾಯ್ದೆ ಪ್ರಾಮಾಣಿಕ ವಿಮರ್ಶೆ ಬರೆಯುವುದನ್ನು ಕರಾರಿನ ಮೂಲಕ ತಡೆಯುವಂತಿಲ್ಲ ಎನ್ನುತ್ತದೆ. ಹಾಗೆಯೇ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸುಳ್ಳು ವಿಮರ್ಶೆ ಮಾರುವುದು, ಕೊಳ್ಳುವುದು ಎರಡಕ್ಕೂ ದಂಡ ಬೀಳಬಹುದು. ಗೆಳೆಯರು ಹೋಟೆಲ್ ತೆರೆದು "ಎಲ್ಲರೂ ಐದು ಸ್ಟಾರ್ ಒತ್ತಿ" ಅಂತ ಗುಂಪಿನಲ್ಲಿ ಹಾಕಿದರೆ, ಹೋಗಿ ತಿಂದು ಬನ್ನಿ, ಸ್ಟಾರ್ ಬಿಟ್ಟುಬಿಡಿ. ನೆಂಟಸ್ತನ ಉಳಿಯುತ್ತದೆ.

ಬರೆದ ಮೇಲೆ

ವರ್ಷಕ್ಕೊಮ್ಮೆ ಹಳೆಯ ವಿಮರ್ಶೆಗಳನ್ನು ತೆರೆದು ನೋಡುತ್ತೇನೆ. ಅಂಗಡಿ ಕೈ ಬದಲಾಗಿರುತ್ತದೆ, ಅಡುಗೆಯವರು ಬೇರೆ ಕಡೆ ಹೋಗಿರುತ್ತಾರೆ, ಬೆಲೆ ಏರಿರುತ್ತದೆ. ಹಳೆಯದನ್ನು ಪೂರ್ತಿ ಅಳಿಸುವುದಿಲ್ಲ. ಮೇಲೆ ತಾರೀಖು ಹಾಕಿ ಹೊಸ ಸಾಲು ಸೇರಿಸುತ್ತೇನೆ. ಮಾಲೀಕರು ಕೆಳಗೆ ಉತ್ತರ ಬರೆದಿದ್ದರೆ ಓದುತ್ತೇನೆ. ತಪ್ಪು ನನ್ನದಾಗಿದ್ದರೆ ತಿದ್ದುತ್ತೇನೆ, ಇಲ್ಲದಿದ್ದರೆ ವಾದಕ್ಕೆ ಇಳಿಯುವುದಿಲ್ಲ.

ನಾನು ಎರಡು ಸ್ಟಾರ್ ಕೊಟ್ಟು ಅಳಿಸಿದ ಆ ಫೋ ಅಂಗಡಿಗೆ ಈಗಲೂ ಹೋಗುತ್ತೇನೆ. ಹೊಸ ವಿಮರ್ಶೆಯ ಮೊದಲ ಸಾಲು ಇದು: "ಪಕ್ಕದಲ್ಲಿಟ್ಟ ಸೊಪ್ಪಿನ ತಟ್ಟೆ ಅಲಂಕಾರಕ್ಕಲ್ಲ, ಹರಿದು ಹಾಕಿಕೊಳ್ಳಿ."